ಮನೆ ಸಾಲಿನ ಮೆಣಸಿನಕಾಯಿ

ಫೆಬ್ರುವರಿಯ ಒಂದು ಗುರುವಾರ ಬೆಳಿಗ್ಗೆ ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ತೊಡೆಯ ಮೇಲೆ ಗೆಳೆಯ ಚಂದ್ರಶೇಖರನ ಹೊಸ ಪುಸ್ತಕವಿತ್ತು. ಹೊಲಕ್ಕೆ ಹೊಡೆಯುವ ವಿಷವು ಮಣ್ಣು, ನೀರು ದಾಟಿ ಊಟದ ತಟ್ಟೆಗೆ ಬರುವ ಬಗೆಯನ್ನು ಅದರಲ್ಲಿ ಬರೆದಿದ್ದ. ಎಂ.ಎಸ್ಸಿ.ಯಲ್ಲಿ ಇಬ್ಬರದೂ ಒಂದೇ ಬೆಂಚು. ಅಂಕ ನನಗೇ ಹೆಚ್ಚು. ಮೂರನೆಯ ಅಧ್ಯಾಯವನ್ನು ಎಷ್ಟು ಸಲ ಓದಿದ್ದೆನೆಂದರೆ ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತಿತ್ತು.

ಆ ಅಧ್ಯಾಯ ಬ್ಯಾಡಗಿ ಕಡೆಯ ಗಂಗವ್ವ ಎಂಬ ರೈತ ಹೆಂಗಸಿನದು. ಆಕೆ ಮೆಣಸಿನ ಹೊಲದಲ್ಲಿ ಬದುವಿನ ಪಕ್ಕದ ಎರಡು ಸಾಲು ಬಿಟ್ಟು ಉಳಿದದ್ದಕ್ಕೆಲ್ಲ ಎಣ್ಣೆ ಹೊಡೆಸುತ್ತಾಳೆ. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಬಿಟ್ಟದ್ದು ಮನೆ ಸಾಲು. ಅದರ ಕಾಯಿ ಮನೆಯವರಿಗೆ, ತನಗೆ ಬೇಕಾದವರಿಗೆ. ಉಳಿದದ್ದು ಪೇಟೆಗೆ. ಓದಿದವರೆಲ್ಲ ಹೊಗಳುವುದು ಈ ಎರಡು ಸಾಲನ್ನೇ. ಆರು ವರ್ಷದ ಹಿಂದೆ ನಾವಿಬ್ಬರೂ ಮೋಟಾರ್ ಸೈಕಲ್ಲಿನಲ್ಲಿ ಅಲ್ಲಿಗೆ ಹೋದಾಗ ಅದನ್ನು ಮೊದಲು ಕಂಡವನು ನಾನು. ಹಾಗೆಂದು ನನ್ನ ನೆನಪು. ಈಚೆಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಅವನ ಭಾಷಣವಿತ್ತು. ಕುರ್ಚಿ ಸಾಲದೆ ಹುಡುಗರು ಕಿಟಕಿಯಲ್ಲಿ ಕೂತಿದ್ದರು. ಮುಗಿದ ಮೇಲೆ ಸಹಿಗಾಗಿ ಸಾಲು ನಿಂತಿತು. ನನ್ನ ಪ್ರತಿಯನ್ನು ಚೀಲದೊಳಕ್ಕೆ ತುರುಕಿ, ಸಾಲು ಕರಗುವವರೆಗೆ ಕಾದೆ.

"ಚಂದ್ರೂ, ಆ ಮನಿ ಸಾಲು ಮೊದಲ ನೋಡಿದಾಂವ ನಾನು. ಪುಸ್ತಕದಾಗ ನನ್ನ ಹೆಸರ ಇಲ್ಲಲ್ಲೋ?"

"ಖರೇನ? ನನಗ ಹಂಗ ನೆನಪಿಲ್ಲಲೇ. ಗಂಗವ್ವನ್ನ ಕೇಳಿ ಬಾ. ಆಕಿ ಹೂಂ ಅಂದ್ರ ಮುಂದಿನ ಮುದ್ರಣದಾಗ ಮೊದಲನೇ ಪುಟಕ್ಕ ನಿನ್ನ ಹೆಸರು."

ಮುಂದಿನ ಮುದ್ರಣವೂ ಉಂಟೆಂಬ ಮಾತೇ ಚುಚ್ಚಿತು. ಅಂದೇ ಗಂಗವ್ವನನ್ನು ಕೇಳಿಬಿಡುವುದೆಂದು ಹೊರಟೆ. ಊಟಕ್ಕೆ ನಿಂತ ಖಾನಾವಳಿಯಲ್ಲಿ ರೊಟ್ಟಿ ಚೆನ್ನಾಗಿತ್ತು; ಬಡಿಸಿದ ಕೆಂಪು ಚಟ್ನಿ ಯಾವ ಸಾಲಿನದೋ ಎಂದು ಯೋಚಿಸಿ, ಅವನ ಪುಸ್ತಕ ನನ್ನ ಊಟಕ್ಕೂ ಕೈ ಹಾಕಿತಲ್ಲ ಎಂದು ಸಿಟ್ಟಾದೆ.

ಬ್ಯಾಡಗಿಯಲ್ಲಿ ಅಂದು ಮೆಣಸಿನಕಾಯಿ ಮಾರುಕಟ್ಟೆ. ಊರು ಹತ್ತಿರವಾದಂತೆ ಘಾಟಿಗೆ ಬಸ್ಸಿನವರೆಲ್ಲ ಕೆಮ್ಮಿ ಸೀನತೊಡಗಿದರು. "ಬೋರ್ಡ್ ನೋಡೂದು ಬ್ಯಾಡ್ರಿ, ಸೀನು ಬಂದವರು ಇಳೀರಿ!" ಎಂದು ಕಂಡಕ್ಟರ್ ಕೂಗಿದ. ಅಲ್ಲಿಂದ ಟಂಟಂ ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಬಿಸಿಲು ತಲೆ ಸುಡುತ್ತಿತ್ತು.

ಗಂಗವ್ವ ಕಣದ ಅಂಚಿನ ನೆರಳಿನಲ್ಲಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದಳು. "ಬರ್ರಿ ಸರ, ಕುಂದರ್ರಿ. ಚಂದ್ರು ಸರ ಬರಲಿಲ್ಲೇನ್ರಿ?"

ಮೊದಲು ಬಂದ ದಿನದ ಬಗ್ಗೆ ಕೇಳಿದೆ.

"ನೆನಪೈತ್ರಿ. ಈ ಎರಡ ಸಾಲಿಗೆ ಯಾಕ ಹುಳ ಬಿದ್ದಾವ ಅಂತ ಮೊದಲ ಕೇಳಿದವರ ನೀವು."

ನನ್ನ ಎದೆ ಉಬ್ಬಿತು. ಆಕೆ ತೊಟ್ಟು ಮುರಿಯುತ್ತಲೇ ಮುಂದುವರಿಸಿದಳು.

"ಎಣ್ಣಿ ಹೊಡದಿಲ್ರಿ, ಮನಿಗೆ ಬಿಟ್ಟೇವಿ ಅಂದೆ. ನೀವು ನಕ್ಕಬಿಟ್ರಿ. ಅದಕ್ಕೂ ಇದಕ್ಕೂ ಏನ್ ಫರಕ ಇಲ್ಲ, ಪುರಾವೆ ಏನೈತಿ ಅಂದ್ರಿ. ಹೋಗಿ ಗಾಡಿ ಹಂತ್ಯಾಕ ನಿಂತ್ರಿ. ಚಂದ್ರು ಸರ ನನ್ನ ಜೋಡಿ ತೊಟ್ಟು ಮುರಕೋಂತ ಹೊತ್ತ ಮುಣಗೂತನಕ ಕುಂತ್ರು. ಕೈ ಉರದು ಮಜ್ಜಿಗ್ಯಾಗ ಅದ್ದಿದ್ರು ಪಾಪ. ಆಮ್ಯಾಗೂ ವರ್ಷಾ ವರ್ಷಾ ಬರ್ತಾರ."

ನಕ್ಕದ್ದು ನನ್ನ ನೆನಪಿನಲ್ಲಿ ಎಲ್ಲೂ ಇರಲಿಲ್ಲ. ಆದರೆ 'ಪುರಾವೆ ಏನೈತಿ' ನನ್ನದೇ ಮಾತು. ದಿನಕ್ಕೆ ಹತ್ತು ಸಲ ಆಡುತ್ತೇನೆ.

ಹೊರಡುವಾಗ ಗಂಗವ್ವ ಒಂದೇ ಅಳತೆಯ ಎರಡು ಬಟ್ಟೆ ಗಂಟು ತಂದಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿಯದು. "ಕೆಂಪು ದಾರದ್ದು ಚಂದ್ರು ಸರಗ ಮುಟ್ಟಸ್ರಿ, ಮನಿ ಸಾಲಿಂದು. ಬಿಳಿದು ನಿಮಗ."

"ನಂದೂ ಮನಿ ಸಾಲಿಂದ ಏನವ್ವಾ?"

"ಪ್ಯಾಟಿಗಿ ಕಳಸೂದ್ರಿ. ಫರಕ ಇಲ್ಲ ಅಂದವರು ನೀವ ಅಲ್ಲೇನ್ರಿ?" ಮುಖದಲ್ಲಿ ನಗೆಯಿರಲಿಲ್ಲ, ಕಣ್ಣಲ್ಲಿತ್ತು.

ಹಾವೇರಿಯ ಬಸ್ಸಿನಲ್ಲಿ ಕೂತಾಗ ಚಂದ್ರುವಿನ ಫೋನು ಬಂತು. "ಏನಂದಳು? ಹೂಂ ಅಂದಳೇನು?"

ಹೂಂ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. "ನಿನಗ ಮೆಣಸಿನಕಾಯಿ ಕಳಿಸ್ಯಾಳ. ಬಂದು ಒಯ್ಯಿ," ಎಂದೆ.

ಎರಡೂ ಗಂಟು ತೊಡೆಯ ಮೇಲಿದ್ದವು. ಮೂಸಿದೆ, ಒಂದೇ ಘಾಟು. ಅಂಚು ಸರಿಸಿ ನೋಡಿದೆ, ಒಂದೇ ಕೆಂಪು. ದಾರ ಬಿಚ್ಚಿ ಅದಲು ಬದಲು ಕಟ್ಟಲು ಒಂದು ನಿಮಿಷ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಫರಕಿಲ್ಲವೆಂದು ನಿಜವಾಗಿ ನಂಬಿದವನಿಗೆ ಆ ಆಸೆಯೇ ಹುಟ್ಟಬಾರದಿತ್ತು. ಹಾವೇರಿ ಬರುವವರೆಗೂ ನನ್ನ ಬೆರಳು ಕೆಂಪು ದಾರದ ಮೇಲೇ ಇತ್ತು.