ಹಲಗೆಯ ಮೇಲೆ ಜಾಗವಿಲ್ಲದ ಎಕ್ಸೆಲ್

ಮಾದೇವನ ವೆಲ್ಡ್ ತಾನಾಗಿ ಬಿಟ್ಟಿರಲಿಲ್ಲ. ಮೊದಲು ಮುರಿದದ್ದು ನಾನು ಮಾಡಿಕೊಟ್ಟ ಎಕ್ಸೆಲ್, ಚಕ್ರದ ಅಚ್ಚು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ವೆಲ್ಡೇ ಬಿಟ್ಟಿತು ಎಂದು ಅವನಿಗೆ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ. ಐದು ವರ್ಷ ಬಂದರಿನವರು ಅದನ್ನೇ ನಂಬಿದರು. ಅವನೂ ನಂಬಿದ.

ಇದನ್ನು ಮೆತ್ತಗೆ ಹೇಳುವ ದಾರಿ ಹುಡುಕಿದ್ದೆ. ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತು.

ನಾನು ಹೊನ್ನಾವರದಲ್ಲಿ ಲೇತ್ ಅಂಗಡಿ ಇಟ್ಟವನು. ಅದಕ್ಕೂ ಮೊದಲು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದೆ. ಅಲ್ಲಿಯ ಶಿಸ್ತು ಇವತ್ತಿಗೂ ಮೈಬಿಟ್ಟಿಲ್ಲ. ಬಾಗಿಲು ತೆಗೆದರೆ ಮೊದಲು ನೆಲ ಗುಡಿಸಬೇಕು, ಆಮೇಲೆ ಯಂತ್ರಕ್ಕೆ ಎಣ್ಣೆ, ಆಮೇಲೆ ಚಹಾ. ಗೋಡೆಯ ಹಲಗೆಯ ಮೇಲೆ ಪ್ರತಿ ಹತ್ಯಾರದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ಯಾವುದು ಜಾಗದಲ್ಲಿಲ್ಲ ಎಂಬುದು ಬಾಗಿಲಲ್ಲಿ ನಿಂತವನಿಗೇ ಕಾಣಬೇಕು. ಕೆಲವರಿಗೆ ಕೆಲಸ ಕಲಿಸಿದ್ದರಿಂದ ಎಲ್ಲರ ಬಾಯಲ್ಲೂ ನಾನು ‘ಮಾಸ್ತರ್ರು’; ನಾಯ್ಕರೆ ಎಂದು ಕರೆಯುವವರಿಲ್ಲ.

ನನ್ನ ಅಂಗಡಿಯಲ್ಲಿ ಒಂದು ಮಾತಿಗೆ ನಿಷೇಧವಿತ್ತು. ‘ಆತು’ ಎನ್ನುವಂತಿಲ್ಲ. ನಮ್ಮ ಕಡೆ ಈ ಮಾತು ಎರಡೂ ಕಡೆಗೆ ವಾಲುತ್ತದೆ. ಕೆಲಸ ಮುಗಿಯಿತು ಎಂದರೂ ಆತು. ಸರಿ, ಮಾಡುವಾ ಎಂದರೂ ಆತು. ಎಂಜಿನ್ ಕೆಲಸದಲ್ಲಿ ಈ ಎರಡರ ನಡುವೆ ಒಂದು ಜೀವ ಹೋಗಬಹುದು. “ಬರೀ ಆತು ಅಂದ್ರೆ ನಂಗೆ ತಿಳಿಯೂದಿಲ್ಲ. ಎಂತ ಆತು, ಪೂರ್ತಿ ಹೇಳು” ಎಂದು ಎಷ್ಟು ಜನರನ್ನು ಬೈದಿದ್ದೇನೆ. ಮಾದೇವನನ್ನೂ ಬೈದಿದ್ದೆ.

ಮಾದೇವ ಭಟ್ಕಳದ ಮೀನುಗಾರರ ಮನೆಯವನು. ನನ್ನಲ್ಲಿ ಲೇತ್ ಕಲಿತ, ಬೇರೆಡೆ ವೆಲ್ಡಿಂಗ್ ಕಲಿತ, ಬೋಟುಗಳ ಕೆಲಸ ಹಿಡಿದ. ಕೈ ಚೆನ್ನಾಗಿತ್ತು — ಇದನ್ನು ಅವತ್ತೇ ನಾಲ್ಕು ಜನರ ಮುಂದೆ ಹೇಳಬೇಕಿತ್ತು. ಅವನಿಗೊಂದು ಹಟ. ರಸ್ತೆಯ ಮೇಲೆ ಓಡುವ ಗಾಡಿಯಲ್ಲ, ರೇಸ್ ಟ್ರ್ಯಾಕಿನ ಮೇಲೆ ಮಾತ್ರ ಓಡುವ ಬೈಕನ್ನು ತಾನೇ ಕಟ್ಟಬೇಕು. ಅಪಘಾತವಾದ ಒಂದು ಗಾಡಿಯಿಂದ ಎಂಜಿನ್ ತಂದ, ಇನ್ನೊಂದರಿಂದ ಮುಂದಿನ ಫೋರ್ಕ್, ಮತ್ತೊಂದರಿಂದ ಹಿಂದಿನ ಚಕ್ರ. ಪೈಪಿನೊಳಗೆ ಒಣ ಮರಳು ಗಿಡಿದು, ಕಾಯಿಸಿ, ಬಗ್ಗಿಸಿ ಚೌಕಟ್ಟು ಮಾಡಿದ. ದೋಣಿಗೆ ಫೈಬರ್ ಹಾಕುವವರ ಹತ್ತಿರ ಕೂತು ಕಲಿತು ಗಾಡಿಯ ಮೂತಿಯನ್ನು ಕೈಯಲ್ಲೇ ಮಾಡಿದ. ಬಂದರಿನ ಚಹಾ ಅಂಗಡಿಯಲ್ಲಿ ಅವನ ಕಾಲೆಳೆಯುತ್ತಿದ್ದರು.

“ಹಿಂದ್ಗಡೆ ಒಂದು ಪ್ರೊಪೆಲ್ಲರ್ ಹಾಕು ಮಾರಾಯಾ, ನೇತ್ರಾಣಿ ದ್ವೀಪಕ್ಕೂ ಹೋಗಿ ಬರ್ಲಕ್ಕು.”

“ನೀ ಹಿಂದೆ ಕೂತ್ಕಂತೆ ಅಂದ್ರೆ ಹಾಕ್ತೆ. ಮುಳುಗೂಕೆ ಭಾರ ಬೇಕಲ್ಲ” ಎನ್ನುತ್ತಿದ್ದ.

ಹಿಂದಿನ ಚಕ್ರವನ್ನು ಹಿಡಿಯುವ ತೋಳು, ಸ್ವಿಂಗ್ ಆರ್ಮ್, ಅವನದೇ ವೆಲ್ಡ್. ಚಕ್ರ ಒಂದು ಗಾಡಿಯದು, ತೋಳು ಕೈಯಲ್ಲಿ ಮಾಡಿದ್ದು. ಎರಡನ್ನೂ ಸೇರಿಸುವ ಎಕ್ಸೆಲ್ ಯಾವ ಅಂಗಡಿಯಲ್ಲೂ ಸಿಗುವುದಲ್ಲ. ಅದನ್ನು ನಾನು ಕಡೆದುಕೊಡಬೇಕಿತ್ತು. ಹೊಸ ಉಕ್ಕು ತರಿಸುವಾ ಎಂದ ಅವನು. ಬೇಡ ಎಂದೆ. ಮೂಲೆಯಲ್ಲಿ ಒಂದು ಬೋಟಿನ ಹಳೆಯ ಪ್ರೊಪೆಲ್ಲರ್ ಶಾಫ್ಟಿನ ತುಂಡಿತ್ತು. “ಸಮುದ್ರ ಕಂಡ ಶಾಫ್ಟು ಮೋಸ ಮಾಡೂದಿಲ್ಲ” ಎಂದು ನಮ್ಮ ಬಂದರಿನಲ್ಲಿ ಹೇಳುವ ಮಾತನ್ನೇ ಹೇಳಿದೆ. ಮೂರ್ಖ ಮಾತು. ವರ್ಷಗಟ್ಟಲೆ ತಿರುಗಿ ದಣಿದ ಉಕ್ಕು ಅದು. ದಣಿದ ಉಕ್ಕು ಒಳಗೊಳಗೇ ಬಿರಿಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗೊತ್ತಿದ್ದರಿಂದಲೇ ಅದಕ್ಕೊಂದು ಪರೀಕ್ಷೆಯನ್ನೂ ಕಲಿಸಿದ್ದೆ. ಕಬ್ಬಿಣವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಚೆನ್ನಾಗಿ ಒರೆಸಿ, ಮೇಲೆ ಚಾಕ್ ಪುಡಿ ಬಳಿಯಬೇಕು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಖರ್ಚಿಲ್ಲ, ಕಷ್ಟವಿಲ್ಲ. ಕಾಯಬೇಕು, ಅಷ್ಟೆ.

ಎಕ್ಸೆಲ್ ಒಯ್ಯಲು ಮಾದೇವ ಬಂದ ದಿನ ಅಂಗಡಿಯಲ್ಲಿ ಬೋಟಿನವರು ಕೂತಿದ್ದರು. ಅವನು ಅವರೆದುರಿಗೇ ವರ್ನಿಯರ್ ತೆಗೆದು ನನ್ನ ಕೆಲಸವನ್ನು ಅಳೆದ. ಅಳತೆ ಸರಿಯಿತ್ತು. ಅಳೆದದ್ದು ತಪ್ಪಲ್ಲ — ಅಳೆಯದೆ ಏನನ್ನೂ ಒಪ್ಪಬೇಡ ಎಂದು ಕಲಿಸಿದವನೇ ನಾನು. ಆದರೆ ಯಾರೋ ನಕ್ಕರು. “ಮಾಸ್ತರ್ರಿಗೇ ಪರೀಕ್ಷೆ ಇಟ್ಟಾನಲ್ಲ.” ನನ್ನ ಕಿವಿ ಬಿಸಿಯಾಯಿತು.

ಆಗ ಅವನು ಕೇಳಿದ, “ಸೀಮೆಎಣ್ಣೆ ಟೆಸ್ಟ್ ಮಾಡಿದ್ರಾ ಮಾಸ್ತರ್ರೆ?”

ನಾನು ಅವನ ಕಡೆ ತಿರುಗಲಿಲ್ಲ. ಲೇತಿನ ಮೇಲಿನ ಚೂರು ಗುಡಿಸುತ್ತ ಹೇಳಿದೆ, “ಆತು.”

ಅಷ್ಟೇ. ಮಾಡಿರಲಿಲ್ಲ. ‘ಸರಿ, ಮಾಡಿಕೊಡುವಾ’ ಎನ್ನುವ ಅರ್ಥದಲ್ಲಿ ಅಂದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವನು ಹೇಗೆ ತಿಳಿಯುತ್ತಾನೆ ಎಂದು ಗೊತ್ತಿತ್ತು. ಅವನು ಎಕ್ಸೆಲನ್ನು ಚಿಂದಿಯಲ್ಲಿ ಸುತ್ತಿಕೊಂಡು ಹೊರಡುವಾಗಲೂ ಕರೆಯಬಹುದಿತ್ತು. ಬಾಗಿಲು ದಾಟುವವರೆಗೂ — ದಾಟಿದ ಮೇಲೂ, ಬೈಕ್ ಚಾಲೂ ಮಾಡುವವರೆಗೂ — ಕರೆಯಬಹುದಿತ್ತು. ಚೂರು ಗುಡಿಸುತ್ತಲೇ ಇದ್ದೆ.

ಗಾಡಿ ತಮಿಳುನಾಡಿನ ಕಡೆಯ ಒಂದು ಟ್ರ್ಯಾಕಿಗೆ ಹೋಯಿತು. ಚೆನ್ನಾಗಿಯೇ ಓಡಿತಂತೆ. ಆಮೇಲೊಂದು ತಿರುವಿನಲ್ಲಿ ಹಿಂದಿನ ಚಕ್ರ ಓರೆಯಾಯಿತು. ಮಾದೇವನ ಎಡ ಮಣಿಕಟ್ಟು ಪುಡಿಯಾಯಿತು. ಈಗಲೂ ಆ ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ.

ಅವನು ಆಸ್ಪತ್ರೆಯಲ್ಲಿರುವಾಗ ಗಾಡಿಯನ್ನು ನನ್ನ ಅಂಗಡಿಗೆ ತಂದು ಇಳಿಸಿದರು. ತೋಳಿನ ವೆಲ್ಡ್ ಹರಿದದ್ದು ಎಲ್ಲರಿಗೂ ಕಂಡಿತು. ಎಲ್ಲರೂ ಹೋದ ಮೇಲೆ ಚಕ್ರ ಬಿಚ್ಚಿದೆ. ಎಕ್ಸೆಲ್ ಎರಡು ತುಂಡು. ಮುರಿದ ಮುಖದಲ್ಲಿ ಅರ್ಧ ಹೊಸದಾಗಿ ಹರಿದು ಹೊಳೆಯುತ್ತಿತ್ತು. ಉಳಿದರ್ಧ ಕಪ್ಪು, ತುಕ್ಕು ಕುಡಿದದ್ದು. ಹಳೆಯ ಬಿರುಕು. ಎಕ್ಸೆಲ್ ಮುರಿದ ಮೇಲೆ ಚಕ್ರ ತೋಳನ್ನು ತಿರುಚಿತ್ತು, ವೆಲ್ಡ್ ಹರಿದದ್ದು ಆಮೇಲೆ. ಒಂದು ಹಿಡಿ ಚಾಕ್ ಪುಡಿ ಅದನ್ನು ಮೊದಲೇ ತೋರಿಸುತ್ತಿತ್ತು.

ಆ ಎರಡು ತುಂಡುಗಳನ್ನು ಚಿಂದಿಯಲ್ಲಿ ಸುತ್ತಿ ಗ್ರೈಂಡರಿನ ಹಿಂದೆ ತುರುಕಿದೆ. ಎಲ್ಲದಕ್ಕೂ ಜಾಗ ಬರೆದಿಟ್ಟವನ ಅಂಗಡಿಯಲ್ಲಿ ಅದಕ್ಕೆ ಮಾತ್ರ ಜಾಗವಿರಲಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡೇ ಮಾದೇವ ಬಂದ. “ಎಕ್ಸೆಲ್ ಹೆಂಗಿತ್ತು ಮಾಸ್ತರ್ರೆ?”

“ಎಕ್ಸೆಲ್ ಸರಿ ಇತ್ತು. ನಿನ್ನ ವೆಲ್ಡು ಬಿಟ್ಟದ್ದು.”

ಇಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಒಳ್ಳೆಯ ವೆಲ್ಡ್ ಹೇಗಿರಬೇಕು ಎಂದು ಅವನನ್ನು ನಿಲ್ಲಿಸಿಕೊಂಡು ಉಪದೇಶ ಮಾಡಿದೆ. ಅವನು ತಲೆಯಾಡಿಸುತ್ತ ಕೇಳಿದ. ಆ ತಲೆಯಾಡಿಸುವಿಕೆ ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವನ ಮೇಲೂ ಸಿಟ್ಟು ಬರುತ್ತದೆ — ಯಾಕೆ ನಂಬಿದ? ಎಲ್ಲವನ್ನೂ ಅಳೆಯುವವನು ನನ್ನ ಮಾತನ್ನು ಯಾಕೆ ಅಳೆಯಲಿಲ್ಲ? ಅಳೆದಿದ್ದರೆ ನಾನು ಮತ್ತೆ ಸಿಟ್ಟಾಗುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

ಬೋಟಿನ ಕೆಲಸಗಳು ಅವನ ಕೈತಪ್ಪಿದವು. “ಮಾದೇವನ ವೆಲ್ಡೋ? ಅಂಟು ಹಚ್ಚಿ ಚೀಟಿ ಅಂಟ್ಸಿದ್ದು ಅದ್ಕಿಂತ ಗಟ್ಟಿ” ಎಂದು ಚಹಾ ಅಂಗಡಿಯಲ್ಲಿ ನಗುತ್ತಿದ್ದರು. ನಾನು ಅಲ್ಲೇ ಕೂತಿರುತ್ತಿದ್ದೆ. ಒಂದು ಸಲ ನಕ್ಕೂ ಇದ್ದೇನೆ. ಅವನು ಓಂ ಬೀಚಿನ ಹತ್ತಿರ ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆಗೆ ಕೊಡುವ ಕಡೆ ಕೆಲಸಕ್ಕೆ ಸೇರಿದ. ಚೌಕಟ್ಟು ಕಟ್ಟಿದ ಕೈ ಈಗ ಪರದೇಶದವರ ಕೈಗೆ ಹೆಲ್ಮೆಟ್ ಕೊಡುತ್ತಿತ್ತು.

ಕಳೆದ ತಿಂಗಳು ಅವನು ತನ್ನ ವೆಲ್ಡಿಂಗ್ ಮಷಿನನ್ನು ಆಟೋದಲ್ಲಿ ಹಾಕಿಕೊಂಡು ಬಂದ. “ಇದು ನಿಮ್ಮಲ್ಲೇ ಇರ್ಲಿ ಮಾಸ್ತರ್ರೆ. ನನ್ನ ಹತ್ರ ಇದ್ರೆ ಯಾವತ್ತಾದ್ರೂ ಮತ್ತೆ ಮುಟ್ಟೂಕೆ ಮನಸ್ಸಾಗ್ತದೆ. ಇನ್ನೊಬ್ರ ಕೈಕಾಲು ಹೋಗೂದು ಬೇಡ.”

ಅಲ್ಲಿಗೆ ನನ್ನ ಬಾಯಿ ಬಿಟ್ಟಿತು. ಗ್ರೈಂಡರಿನ ಹಿಂದಿನಿಂದ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಹೇಳಿದೆ. ಎಲ್ಲವನ್ನೂ.

ಅವನು ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಉದ್ದದ ತುಂಡನ್ನು ನನ್ನದೇ ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿ ಹೊರಗೆ ಕಟ್ಟೆಯ ಮೇಲೆ ಕೂತ. ಬಿಸಿಲು ಇಳಿಯುವವರೆಗೂ ಕೂತ. ಒಳಗೆ ಬಂದು ತುಂಡನ್ನು ಒರೆಸಿದ, ಚಾಕ್ ಬಳಿದ. ಮುರಿದ ಜಾಗದಿಂದ ಆಚೆ, ಗಟ್ಟಿ ಎಂದುಕೊಂಡಿದ್ದ ಕಡೆಯಲ್ಲೇ, ಇನ್ನೊಂದು ಕಪ್ಪು ಗೆರೆ ಮೆಲ್ಲಗೆ ಎದ್ದಿತು.

“ಸೀಮೆಎಣ್ಣೆ ಟೆಸ್ಟ್ ಮಾಡಿ ಆತು,” ಎಂದ. “ಬಿರುಕು ಉಂಟು, ಕಣ್ಣಿಗೆ ಕಾಣ್ತದೆ.” ನಾನು ಕಲಿಸಿದ ಹಾಗೇ, ಪೂರ್ತಿ.

ಆಮೇಲೆ ಹೇಳಿದ, “ನಂಗೆ ಹೇಳಿ ಎಂತ ಆತು ನಾಯ್ಕರೆ? ನಗಾಡಿದ್ದು ಬಂದರದವ್ರು.”

ಮಾಸ್ತರ್ರೆ ಎನ್ನಲಿಲ್ಲ. ಮಷಿನನ್ನು ಬಲಗೈಯಲ್ಲೇ ಎಳೆದು ಮತ್ತೆ ಆಟೋಕ್ಕೆ ಹಾಕಿದ. ಹಿಡಿಯಲು ಹೋದೆ. ಬೇಡ ಎಂದು ತಲೆಯಾಡಿಸಿದ.

ಮರುದಿನ ಬೋಟುಗಳು ಬಂದು ಕಟ್ಟುವ ಹೊತ್ತಿಗೆ ಚಹಾ ಅಂಗಡಿಗೆ ಹೋದೆ. ಎರಡೂ ತುಂಡುಗಳನ್ನು ಮೇಜಿನ ಮೇಲಿಟ್ಟು ಹೇಳಿದೆ. ತುಂಡುಗಳು ಕೈಯಿಂದ ಕೈಗೆ ಹೋದವು. ಕೊನೆಗೆ ಒಬ್ಬ, “ಹೋಗ್ಲಿ ಬಿಡಿ ಮಾಸ್ತರ್ರೆ. ಹಳೇ ಕತೆ. ಚಾ ಕುಡೀರಿ” ಎಂದ.

ಹೋಗಲಿ ಬಿಡಿ! ಎಂಥ ಸುಲಭದ ಕ್ಷಮೆ. ಅದನ್ನು ಕೊಡಲು ಇವರು ಯಾರು, ಪಡೆಯಲು ನಾನು ಯಾರು? ಮಾದೇವನ ವೆಲ್ಡಿಗೆ ಐದು ವರ್ಷ ನಕ್ಕವರು ನನ್ನ ಸುಳ್ಳಿಗೆ ಒಂದು ದಿನವೂ ನಗಲಿಲ್ಲ. ಚಹಾ ಮುಟ್ಟದೆ ಎದ್ದು ಬಂದೆ.

ಮಾದೇವ ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಬರಬೇಕೆಂದು ಕೇಳುವ ಬಾಯಿ ನನಗಿಲ್ಲ. ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಯಾರದೋ ಗೇಟಿಗೆ ವೆಲ್ಡ್ ಹಾಕಿದನಂತೆ — ಕೇಳಿದ್ದು, ನೋಡಿಲ್ಲ.

ಹಲಗೆಯ ನಡುವೆ, ನಟ್ಟು ತಿರುಗಿಸುವ ದೊಡ್ಡ ಪಾನದ ಪಕ್ಕದಲ್ಲಿ, ಬಿಳಿ ಬಣ್ಣದಲ್ಲಿ ಹೊಸದೊಂದು ಆಕಾರ ಬರೆದು ಮುರಿದ ಎಕ್ಸೆಲನ್ನು ಅಲ್ಲಿ ತೂಗುಹಾಕಿದ್ದೇನೆ. ಬಾಗಿಲಲ್ಲಿ ನಿಂತರೇ ಕಾಣುತ್ತದೆ. ಬಂದವರು ಇದೆಂತ ಎಂದು ಕೇಳುತ್ತಾರೆ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಅವರ ಕಡೆ ತಿರುಗಿ, ಪೂರ್ತಿ ಹೇಳುತ್ತೇನೆ: ಪರೀಕ್ಷೆ ಮಾಡದೆ ಮಾಡಿದೆ ಎಂದೆ. ಮುರಿದದ್ದು ನನ್ನ ಎಕ್ಸೆಲ್. ಮಾದೇವನ ವೆಲ್ಡ್ ಗಟ್ಟಿಯಿತ್ತು.