ಎರಡೂವರೆ ಬಿಂದಿಗೆ ನೀರಿಗೆ ತಕ್ಕ ಮೀನು

ಸೋಮವಾರ ಬೆಳಿಗ್ಗೆ ಏಳೂವರೆಗೆ ನಾನೂ ನನ್ನ ಹೆಂಡತಿ ರತ್ನಮ್ಮನೂ ಬಡವನಹಳ್ಳಿಯಲ್ಲಿ ಶಿರಾ ಬಸ್ಸು ಹತ್ತಿದೆವು. ಅವಳಿಗೆ ಟಿಕೆಟ್ ಫ್ರೀ, ನನಗೆ ದುಡ್ಡು. "ಅಕ್ಕನೇ ನಿಮ್ಮನ್ನ ಕರ್ಕೊಂಡು ಹೊಂಟವ್ರೆ ಅನ್ನಿ" ಎಂದು ಕಂಡಕ್ಟರ್ ನಕ್ಕ. ರತ್ನಮ್ಮ ನಗಲಿಲ್ಲ. ಅವಳು ನಕ್ಕು ತಿಂಗಳಾಗಿತ್ತು.

ಕಾರಣ ಹೇಳಿಬಿಡುತ್ತೇನೆ. ನಾನು ಗಾಜು ಕತ್ತರಿಸಿ ಕಿಟಕಿಗೆ ಕೂರಿಸುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಿಡಿದ ಕೆಲಸ. ಒಂದು ಮನೆಯ ಕೆಲಸದಲ್ಲಿ ಉಳಿದ ತುಂಡುಗಳನ್ನು ಅಂಟಿಸಿ ಮೀನು ಸಾಕುವ ತೊಟ್ಟಿ ಮಾಡಿದೆ. ಒಂದೂವರೆ ಅಡಿ ಉದ್ದ, ಅಗಲ ಎತ್ತರ ಒಂದೊಂದಡಿ. ಎರಡೂವರೆ ಬಿಂದಿಗೆ ನೀರು ಹಿಡಿಯಿತು, ಒಂದು ಹನಿ ಸೋರಲಿಲ್ಲ. ಮಧುಗಿರಿಯಿಂದ ಹನ್ನೆರಡು ಗೋಲ್ಡ್‌ಫಿಶ್ ತಂದು ಬಿಟ್ಟೆ. ಶುಕ್ರವಾರ ಮನೆ ತೊಳೆಯುವ ದಿನ. ತೊಟ್ಟಿಯ ನೀರನ್ನೂ ಪೂರ್ತಿ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಬೇಕೆಂದು ರತ್ನಮ್ಮನಿಗೆ ಅಪ್ಪಣೆ ಮಾಡಿದವನೂ ನಾನೇ. ಮೂರು ಸಲ ತಂದೆ. ಮೂರು ಸಲವೂ ಸತ್ತವು. ಕೊನೆಯ ಸಲ ಸಿಟ್ಟಿನಲ್ಲಿ ಅವಳಿಗೆ, "ನಿನ್ನ ಕೈಗುಣವೇ ಅಂಥದ್ದು" ಎಂದುಬಿಟ್ಟೆ.

ನಮ್ಮೂರಲ್ಲಿ ಬಿತ್ತನೆಯ ಮೊದಲ ಹಿಡಿಗೆ ರತ್ನಮ್ಮನನ್ನು ಕರೆಯುತ್ತಾರೆ. ಅವಳ ಕೈ ಮುಟ್ಟಿದ್ದು ಕೈಕೊಡುವುದಿಲ್ಲ ಎಂಬ ನಂಬಿಕೆ. ನಾನು ಆ ಮಾತಾಡಿದ ವಾರಕ್ಕೇ ಪಕ್ಕದ ಮನೆಯವರು ಟೊಮೆಟೊ ಸಸಿ ನೆಡಲು ಕರೆದರು. "ಬ್ಯಾಡಕ್ಕಾ, ನನ್ ಕೈ ಈಗ ನೆಟ್ಟಗಿಲ್ಲ" ಎಂದು ಬಾಗಿಲಲ್ಲೇ ನಿಂತಳು. ಒಳಗೆ ಊಟಕ್ಕೆ ಕೂತಿದ್ದ ನನಗೆ ಅದು ಕೇಳಿಸಿತು. ಬದುಕುವಂಥ ಮೀನು ಹುಡುಕಿ ತರಬೇಕು, ಅವಳ ಕೈಯಿಂದಲೇ ನೀರಿಗೆ ಬಿಡಿಸಬೇಕು ಎಂದು ಹೊರಟಿದ್ದೆ.

ಶಿರಾದಲ್ಲಿ ಬಿಸಿಲಾಗಲೇ ಏರಿತ್ತು. ಸಾಕುವ ಮೀನಿನ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಭಾಯ್ ಟೀ ಕುಡಿಯುತ್ತಿದ್ದರು. ನಾನು ಎಲ್ಲಕ್ಕಿಂತ ದೊಡ್ಡ ಮೀನಿನ ಕಡೆ ಕೈ ತೋರಿಸಿದೆ.

"ಮೊದ್ಲು ತೊಟ್ಟಿ ಅಳತೆ ಹೇಳಿ ಭಾಯ್, ಆಮೇಲೆ ಮೀನು" ಎಂದರು.

ಅಳತೆ ಹೇಳಿದೆ. ಹನ್ನೆರಡು ಸಾಕಿದ್ದನ್ನೂ ಹೇಳಿದೆ.

"ಅರೇ, ಕುರಿ ಗೂಡಲ್ಲಿ ಹನ್ನೆರಡು ಎಮ್ಮೆ ಕಟ್ಟಿದೀರಲ್ಲ. ಅವು ಒಂದೊಂದೂ ಗೇಣುದ್ದ ಬೆಳೆಯೋವು. ನೀರು?"

"ವಾರಕ್ಕೊಂದ್ಸಲ ಪೂರ್ತಿ ಚೆಲ್ಲಿ ತೊಳೀತೀವಿ."

"ಪೂರಾ? ತೌಬಾ. ನೀರು ಒಮ್ಮೆಲೇ ಬದಲಾದ್ರೆ ಮೀನು ಉಳಿಯಲ್ಲ. ಒಂದು ಪಾಲು ತೆಗೆದು ಮೂರು ಪಾಲು ಉಳಿಸ್ಬೇಕು. ಯಾರು ಹೇಳಿದ್ರು ಹಂಗೆ ತೊಳೆಯೋಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನಮ್ಮ, "ನಾನೇ ಕಣಣ್ಣಾ, ಗೊತ್ತಾಗಲಿಲ್ಲ" ಎಂದಳು. ಬಾಯಿ ತೆರೆಯುವಷ್ಟರಲ್ಲಿ ಎಂದು ಬರೆದೆ; ನಿಜ ಹೇಳಬೇಕೆಂದರೆ ನಾನು ತೆರೆಯುತ್ತಲೇ ಇರಲಿಲ್ಲ.

ಭಾಯ್ ನಮಗೆ ಏನೂ ಮಾರಲಿಲ್ಲ. ಅಷ್ಟು ನೀರಿಗೆ ನಮ್ಮ ನಾಡಿನ ಸಣ್ಣ ಪಕ್ಕೆ ಮೀನೇ ಸರಿ, ಅದು ಈ ನೀರಿಗೇ ಹುಟ್ಟಿದ್ದು ಎಂದರು. ನಮ್ಮ ಸುತ್ತಿನ ಕೆರೆಗಳಲ್ಲಿ ಗುತ್ತಿಗೆಯವರು ಬಿಟ್ಟ ದೊಡ್ಡ ಕಟ್ಲಾ ಮೀನೇ ತುಂಬಿವೆ, ಪಕ್ಕೆ ಸಿಗುವುದಿಲ್ಲ. ಪಾವಗಡದ ಹತ್ತಿರ ಓಬಳೇಶಪ್ಪ ಎಂಬವನ ಹೊಂಡದಲ್ಲಿ ಪಕ್ಕೆ ಸಿಗುತ್ತದೆ ಎಂದು ದಾರಿ ಹೇಳಿದರು. ಹೋಟೆಲಿನಲ್ಲಿ ಮುದ್ದೆ ಉಂಡು ಊರಿಗೆ ಮರಳಿದೆವು.

ಬುಧವಾರ ಮಧುಗಿರಿಗೆ ಹೋಗಿ ಪಾವಗಡದ ಬಸ್ಸು ಹಿಡಿದೆವು. ಎರಡು ಗಂಟೆಯ ದಾರಿ. ಮೊದಲು ಬಂಡೆಗುಡ್ಡಗಳು, ಆಮೇಲೆ ಶೇಂಗಾ ಹೊಲಗಳು, ದೂರದಲ್ಲಿ ಬಿಸಿಲಿಗೆ ಮಿನುಗುವ ಸೋಲಾರ್ ಹಲಗೆಗಳು. "ಅಷ್ಟು ಗಾಜು ಯಾರು ಒರೆಸ್ತಾರೋ" ಎಂದೆ. "ನಿಮ್ಗೆ ಅದೇ ಚಿಂತೆ" ಎಂದಳು. ಅಷ್ಟಾದರೂ ಮಾತು ಬಂತಲ್ಲ ಎಂದುಕೊಂಡೆ. ಪಾವಗಡದಲ್ಲಿಳಿದು ಆಟೋದಲ್ಲಿ ಐದು ಕಿಲೋಮೀಟರ್ ಹೋದೆವು.

ಓಬಳೇಶಪ್ಪ ತನ್ನ ಹೊಲದ ಹೊಂಡದ ಪಕ್ಕ ಬಲೆ ಬಿಡಿಸುತ್ತಿದ್ದ. ನಮ್ಮ ಗಾಜಿನ ತೊಟ್ಟಿಯ ಅಳತೆ ಹೇಳಿದೆ. ಅವನ ಬಕೆಟ್ಟಿನಲ್ಲಿ ಕೊರವ ಮೀನಿನ ಮರಿಗಳಿದ್ದವು, ಕಪ್ಪಗೆ, ಚುರುಕಾಗಿ. ನನ್ನ ಮನಸ್ಸು ಮತ್ತೆ ಜಾರಿತು.

"ಇದು ಕೊಡಪ್ಪ, ನೋಡೋಕೆ ಗಂಡಸಿನಂಗೈತೆ."

"ಗಂಡಸೇ ಅಣ್ಣಾ. ವರ್ಷದಾಗೆ ಮೊಳದುದ್ದ ಆಗ್ತದೆ, ನಿನ್ನ ಗಾಜಿನಾಗೆ ತಿರುಗೋಕೂ ಆಗಲ್ಲ, ಜೊತೆಗಿದ್ದೋರ್ನೆಲ್ಲ ನುಂಗ್ತದೆ. ಇದಿ ನೀಕು ವದ್ದು, ನಿಂಗಿದು ಬೇಡ" ಎಂದು ತೆಲುಗು ಬೆರೆಸಿ ಹೇಳಿ ಬಕೆಟ್ಟು ಸರಿಸಿದ.

ಆಮೇಲೆ ಒಂದು ಬೋಗುಣಿಯಲ್ಲಿ ಪಕ್ಕೆ ಮೀನು ತೋರಿಸಿದ. ಅರ್ಧ ಬೆರಳುದ್ದ, ಬೆಳ್ಳಿಯ ಮೈ, ಕಿವಿರಿನ ಹತ್ತಿರ ಒಂದು ಕಪ್ಪು ಚುಕ್ಕೆ, ಬಾಲದ ಹತ್ತಿರ ಇನ್ನೊಂದು. ಪೂರ್ತಿ ಬೆಳೆದರೂ ಬೆರಳು ಮೀರುವುದಿಲ್ಲವಂತೆ. ಒಂಟಿಯಾಗಿ ಬಿಟ್ಟರೆ ಹೆದರುತ್ತವೆ, ಗುಂಪಲ್ಲೇ ಇರಬೇಕಂತೆ.

"ಆರು ಕೊಡ್ತೀನಿ. ಏಳನೇದು ಕೇಳಿದ್ರೂ ಕೊಡಲ್ಲ. ನೀನೇ ಆರಿಸಮ್ಮಾ."

ರತ್ನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ ಕೈ ಬ್ಯಾಡ. ಇವ್ರೇ ಹಿಡೀಲಿ."

ನಾನು ಹೊಂಡದ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತೆ.

"ಲೇ ರತ್ನಾ, ತೊಟ್ಟಿ ಅಳತೆ ನಂದು. ಅಷ್ಟೊಂದು ಮೀನು ತಂದೋನು ನಾನು. ಪೂರ್ತಿ ತೊಳಿ ಅಂದೋನೂ ನಾನು. ನಿನ್ ಕೈದು ಏನೂ ತಪ್ಪಿಲ್ಲ ಕಣೇ."

ಅವಳು ನನ್ನನ್ನೇ ನೋಡಿದಳು. "ಮೊನ್ನೆ ಅಂಗಡೀಲಿ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು."

"ಈಗ ಆಗ್ತಿಲ್ವಾ?"

"ಈಗ್ಲೂ ಆಗ್ತೈತೆ."

ಓಬಳೇಶಪ್ಪ ಬಿಡಿಸಿದ್ದ ಬಲೆಯನ್ನೇ ಮತ್ತೆ ಬಿಡಿಸುತ್ತಿದ್ದ. ರತ್ನಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ, ಬೋಗುಣಿಗೆ ಕೈ ಇಳಿಬಿಟ್ಟು, ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. ಮೀನುಗಳು ದೂರ ಓಡಿ, ಮತ್ತೆ ಹತ್ತಿರ ಬಂದು ಅವಳ ಬೆರಳು ಮೂಸಿದವು. ನಾವು ತಂದಿದ್ದ ಕ್ಯಾನಿಗೆ ಹೊಂಡದ ನೀರನ್ನೇ ಅರ್ಧ ತುಂಬಿಸಿದೆ. ಅವಳು ಒಂದೊಂದಾಗಿ ಆರನ್ನು ಅಂಗೈಯಲ್ಲೆತ್ತಿ ಅದಕ್ಕೆ ಬಿಟ್ಟಳು. ಬಿಸಿಲು ತಾಗದಂತೆ ಒದ್ದೆ ಟವೆಲ್ ಸುತ್ತಿದೆವು.

ಮರಳುವ ಬಸ್ಸಿನಲ್ಲಿ ಕ್ಯಾನು ಅವಳ ತೊಡೆಯ ಮೇಲಿತ್ತು. ನಾನು ಇಟ್ಟುಕೊಳ್ಳುತ್ತೇನೆಂದರೂ ಕೊಡಲಿಲ್ಲ. ಮಧುಗಿರಿ ಹತ್ತಿರ ಬಂದಾಗ ಗಾಳಿಯಾಡಲೆಂದು ಮುಚ್ಚಳ ತೆರೆದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಗ್ಗಿ ನೋಡಿ, "ಏನಮ್ಮಾ, ಇಷ್ಟ್ ಸಣ್ಣವು, ಸಾರಿಗಾ?" ಎಂದರು.

"ಅಲ್ಲ ಕಣಕ್ಕಾ, ಸಾಕೋಕೆ" ಎಂದಳು ರತ್ನಮ್ಮ. "ನಾನೇ ಆರಿಸಿದ್ದು. ಬದುಕ್ತವೆ."

ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೆ.