ಹಿಮದ ಪದರದಲ್ಲಿ ನನ್ನ ಬೆರಳು

ಮೊದಲ ದಿನ ಆ ಕೋಣೆಯೊಳಗೆ ನಿಂತಾಗ ನನ್ನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡವು. ತೆಲಂಗಾಣದ ನಮ್ಮ ಗದ್ವಾಲದಲ್ಲಿ ಮೇ ತಿಂಗಳೆಂದರೆ ಕಣ್ಣು ಒಣಗಿ ಉರಿಯುವ ಕಾಲ. ಗೋವಾದಲ್ಲೂ ಅದು ಮೇ ತಿಂಗಳೇ. ಹೊರಗೆ ಮಾವಿನ ಮರ, ಬೆನ್ನಿಗಂಟಿದ ರವಿಕೆ. ಒಂದು ದಪ್ಪ ಬಾಗಿಲು ದಾಟಿದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಲ್ಲಿನ ಕಪಾಟುಗಳಲ್ಲಿ ಅಂಟಾರ್ಕ್ಟಿಕಾದ ದಡದಿಂದ ಕೊರೆದು ತಂದ ಹಿಮದ ಕಂಬಗಳು ಮಲಗಿದ್ದವು. ಅವನ್ನು ಕತ್ತರಿಸುವುದು ನನ್ನ ಕೆಲಸ.

ಈ ಊರಿಗೆ ಬಂದು ಆರು ವರ್ಷವಾಯಿತು. ಗುಡ್ಡದ ಮೇಲೆ ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಬೆಳಿಗ್ಗೆ ಪೊದೇರ್, ಅಂದರೆ ಸೈಕಲ್ಲಿನಲ್ಲಿ ಬರುವ ಬ್ರೆಡ್ಡಿನವನು, ಹಾರ್ನ್ ಒತ್ತುತ್ತಾನೆ. ನಮ್ಮ ಗದ್ವಾಲದಲ್ಲಿ ಆ ಹೊತ್ತಿಗೆ ಕೇಳುವುದು ರೊಟ್ಟಿ ಬಡಿಯುವ ಸದ್ದು. ಮಧ್ಯಾಹ್ನಕ್ಕೆ ಇಲ್ಲಿಯವರಿಗೆ ಶೀತ್‌ಕಡಿ ಬೇಕು, ಅನ್ನ ಮತ್ತು ಮೀನಿನ ಸಾರು. ನಾನು ಮೀನು ತಿನ್ನುವುದಿಲ್ಲವೆಂದು ಅಜ್ಜಿಗೆ ಕೊಂಕಣಿಯಲ್ಲಿ ಹೇಳಲು ಕಲಿತದ್ದೇ ನನ್ನ ಮೊದಲ ಗೆಲುವು. ಆಕೆ ಇವತ್ತಿಗೂ ಅದನ್ನು ನಂಬಿಲ್ಲ.

ಕಡಲೇ ಇಲ್ಲದ ಊರಿನವಳು ನಾನು, ಮಾಡುವುದು ಕಡಲಿನ ಕೆಲಸ. ಧ್ರುವದ ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗ ಅದರ ಮೇಲೆ ಉಪ್ಪು ಅರಳುತ್ತದೆ. ಗಾಳಿ ಆ ಉಪ್ಪನ್ನು ದಡದ ಹಿಮದ ಮೇಲೆ ಉದುರಿಸುತ್ತದೆ. ಹೆಪ್ಪು ದೂರದವರೆಗೆ ಹಬ್ಬಿದ ವರ್ಷ ಉಪ್ಪು ಹೆಚ್ಚು, ಕುಗ್ಗಿದ ವರ್ಷ ಕಡಿಮೆ. ಹೀಗೆ ಪದರ ಪದರವಾಗಿ ಹಳೆಯ ಚಳಿಗಾಲಗಳನ್ನು ಓದಿದರೆ, ಈಗಿನ ಕುಗ್ಗುವಿಕೆ ಹಿಂದೆಯೂ ಇತ್ತೇ ಅಥವಾ ಹೊಸದೇ ಎಂದು ಕೇಳಬಹುದು. ಉಪ್ಪಿನ ಪ್ರಮಾಣ ಎಷ್ಟು ಸಣ್ಣದೆಂದರೆ, ಬರಿಗೈ ತಗುಲಿದರೆ ಸಾಕು, ಆ ಪದರ ಕೆಟ್ಟ ಹಾಗೆ.

ನಮ್ಮ ಗುಂಪಿನಿಂದ ಒಬ್ಬರಿಗೆ ಅಂಟಾರ್ಕ್ಟಿಕಾಕ್ಕೆ ಹೋಗುವ ಹಡಗಿನಲ್ಲಿ ಜಾಗವಿತ್ತು. ಅದು ಶಾಲಿನಿಗೆ ಸಿಕ್ಕಿತು. ಕಾರವಾರದ ಹುಡುಗಿ, ತಂದೆಗೆ ಮೀನು ದೋಣಿ ಇದೆ. ಗರಗಸ ಹಿಡಿಯಲು ಅವಳಿಗೆ ಕಲಿಸಿದವಳು ನಾನು. ಬಂದ ಮೊದಲ ವಾರ ಅವಳು, "ತೆಲಂಗಾಣದಲ್ಲೂ ಕನ್ನಡ ಉಂಟಾ ಅಕ್ಕಾ? ನಿಮ್ಮದು ಅರ್ಧ ತೆಲುಗು, ಅರ್ಧ ಉರ್ದು" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ. ಅವಳಿಗೆ ಕೊಂಕಣಿ ಮನೆಮಾತು, ಅಜ್ಜಿ ಅವಳನ್ನು ಅಡುಗೆಮನೆಯವರೆಗೆ ಕರೆಯುತ್ತಾಳೆ. ಈಗ ಹಡಗೂ ಅವಳದೇ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಬರೆಯಲಾರೆ.

ಒಂದು ದಿನ ಅವಳು ಪ್ರಯಾಣದ ವೈದ್ಯಕೀಯ ತಪಾಸಣೆಗೆಂದು ಅರ್ಧ ಕೆಲಸ ಬಿಟ್ಟು ಹೋದಳು. ಕೊನೆಯ ತುಂಡನ್ನು ನಾನು ಮುಗಿಸಿದೆ. ದಾಖಲೆ ಹಾಳೆಯಲ್ಲಿ ಅವಳ ಹೆಸರೇ ಉಳಿಯಿತು. ಹೊರ ಸಿಪ್ಪೆ ಹೆರೆದ ಮೇಲೆ ಬೇಸಿಗೆಯ ಪದರ ಎಲ್ಲಿ ಮುಗಿದು ಚಳಿಗಾಲದ್ದು ಎಲ್ಲಿ ಶುರುವಾಗುತ್ತದೆಂದು ದೀಪದಲ್ಲಿ ನೋಡಿದೆ. ಕಾಣಲಿಲ್ಲ. ಎರಡೂ ಕೈಗವಸು ತೆಗೆದು ಬೆರಳ ತುದಿಯಿಂದ ಸವರಿದೆ.

ಯಾಕೆ ಎಂದು ನಮ್ಮೂರಿನವರಿಗೆ ವಿವರಿಸಬೇಕಿಲ್ಲ. ಗದ್ವಾಲದ ಸೀರೆಯಲ್ಲಿ ಒಡಲು ಹತ್ತಿ, ಅಂಚು ರೇಷ್ಮೆ. ಹತ್ತಿ ಮುಗಿಯುವ ಜಾಗ ನಮ್ಮ ಮನೆಯ ಹೆಂಗಸರಿಗೆ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಹಿಮದಲ್ಲೂ ಬೆರಳು ಸರಿಯಾದ ಗೆರೆಯನ್ನೇ ಹಿಡಿಯಿತು. ತುದಿಯ ಚರ್ಮ ಅಂಟಿ ಸುಲಿಯಿತು. ನಾನು ಅಲ್ಲೇ ಕತ್ತರಿಸಿದೆ.

ವಾರದ ನಂತರ ಅಳೆದಾಗ ಆ ಪದರದಲ್ಲಿ ಉಪ್ಪು ವಿಪರೀತ ಎದ್ದು ಕಂಡಿತು. ಗುಂಪಿನ ಮುಖ್ಯಸ್ಥರು ಹಾಳೆ ನೋಡಿ ಶಾಲಿನಿಯನ್ನು ಕರೆದರು. ಕೈ ನಂಬಲಾಗದವರನ್ನು ಹಿಮದ ಮೇಲೆ ಕಳಿಸುವುದು ಹೇಗೆ ಎಂದರು. ಅವಳು ತಾನೇ ಎಲ್ಲೋ ತಪ್ಪಿದ್ದೇನೆಂದು ನಂಬಿ ಅತ್ತಳು. ನಾನು ಪಕ್ಕದಲ್ಲಿದ್ದೆ. ಮೂರು ದಿನ ಸುಮ್ಮನಿದ್ದೆ.

ಮೂರನೆಯ ದಿನ ಭಾನುವಾರ. ಅಕ್ಕ ಗದ್ವಾಲದಿಂದ ಫೋನ್ ಮಾಡಿದಳು. ಅಪ್ಪನ ಮಗ್ಗದಲ್ಲಿ ಈಗ ಕೂರುವವಳು ಅವಳು. ಹಡಗು ಶಾಲಿನಿಗೆ ಸಿಕ್ಕಿದ್ದನ್ನು ಅವಳಿಗೆ ನಾನು ಹೇಳಿರಲಿಲ್ಲ.

"ಯಾವಾಗ ಹೊಂಟಿ ಹಡಗ ಹತ್ತಿ? ಓಣ್ಯಾಗ ಎಲ್ಲಾರ್ಗೂ ಹೇಳಿ ಕುಂತೀನಿ."

"ನನಗ ಬರಬಹುದಕ್ಕ. ಆ ಕಾರವಾರದಾಕಿ ಬರಿಗೈಲೆ ಹಿಮ ಮುಟ್ಟಿ ಕೆಡಿಸ್ಯಾಳಂತ."

"ಆಕಿ ಮುಟ್ಟ್ಯಾಳ?" ಎಂದಳು ಅಕ್ಕ. "ಮೀನು ಹಿಡಿಯೋರ ಮನಿ ಹುಡುಗಿಗೆ ಬೆರಳಿಲೆ ನೋಡೋ ಚಟ ಎಲ್ಲಿಂದ ಬಂತವಾ? ಖರೇ ಹೇಳು."

ನಾನು ಸುಲಿದ ಬೆರಳನ್ನು ಅಂಗೈಯೊಳಗೆ ಮಡಚಿದೆ.

"ಕೆಂಪು ದಾರ ಕಟ್ಟಿದೇನು?"

ಮಗ್ಗದ ಹಳೆ ಹಾಸಿನ, ಅಂದರೆ ಉದ್ದ ನೂಲಿನ, ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆದು ಸೇರಿಸುವಾಗ ನಮ್ಮ ಮನೆಯಲ್ಲಿ ನಾಲ್ಕು ಜನ ಕೂರುತ್ತಾರೆ. ಯಾರ ಕೈಯಲ್ಲಿ ಎಳೆ ತಪ್ಪಿತೋ ಅವರೇ ಅಲ್ಲಿ ಕೆಂಪು ದಾರದ ತುಣುಕು ಕಟ್ಟಬೇಕು. ಕಟ್ಟಿದವರನ್ನು ಯಾರೂ ಬಯ್ಯುವುದಿಲ್ಲ. ಕಟ್ಟದಿದ್ದರೆ ತಪ್ಪೆಲ್ಲ ಮಗ್ಗದಲ್ಲಿ ಕೂತವರ ತಲೆಗೆ ಬರುತ್ತದೆ.

"ಇಲ್ಲ" ಎಂದೆ.

"ಕಟ್ಟಿ ಬಾ ಹೋಗು. ಓಣ್ಯಾಗ ನಾ ಏನರ ಹೇಳ್ಕೋತೀನಿ" ಎಂದು ಫೋನ್ ಇಟ್ಟಳು.

ಸೋಮವಾರ ಮುಖ್ಯಸ್ಥರಿಗೆ ಹೇಳಿದೆ. ಅವರು ನನ್ನ ಸುಲಿದ ಬೆರಳು ನೋಡಿದರು, ಬಯ್ಯಲಿಲ್ಲ. ಆ ತುಂಡಿನ ಅಂಕೆಯನ್ನು ಪಟ್ಟಿಯಿಂದ ತೆಗೆದರು. ಆ ಒಂದು ಚಳಿಗಾಲದಲ್ಲಿ ಕಡಲು ಎಲ್ಲಿಯವರೆಗೆ ಹೆಪ್ಪುಗಟ್ಟಿತ್ತೆಂದು ಆ ಕಂಬದಿಂದ ಇನ್ನು ತಿಳಿಯದು. ಪಟ್ಟಿಯಲ್ಲಿ ಅಲ್ಲೊಂದು ಖಾಲಿ ಚೌಕ. ಅದು ನನ್ನದು.

ಶಾಲಿನಿ ಕ್ಯಾಂಟೀನಿನಲ್ಲಿ ಎದುರು ಬಂದು ಕೂತಳು.

"ಮೂರು ದಿನ ಸುಮ್ಮನೇ ಇದ್ರಿ ಅಲ್ಲಾ ಅಕ್ಕಾ?"

"ಇದ್ದೆ."

"ನಾನು ಹೋಗಬಾರದು ಅಂತ?"

"ಹೌದು."

ಅವಳು ಚಹಾ ಮುಗಿಸಿ ಎದ್ದಳು. "ಸುಮ್ಮನಿದ್ದಿದ್ರೂ ಎಂತ ಮಾಡ್ತಿದ್ರಿ? ನದಿ ದಾಟುವ ಫೆರಿಯಲ್ಲೇ ವಾಂತಿ ನಿಮಗೆ."

ಅದು ಕ್ಷಮೆಯೋ ಹೊಡೆತವೋ ನನಗೆ ಇನ್ನೂ ತಿಳಿದಿಲ್ಲ.

ಅವಳು ಹೋದಳು. ಕೇಪ್‌ಟೌನ್‌ವರೆಗೆ ವಿಮಾನ, ಮುಂದೆ ಹಡಗು. ಕೆಲವು ವಾರಗಳ ಮೇಲೆ ಒಂದು ಸಂದೇಶ ಬಂತು: "ಅಕ್ಕಾ, ಹಡಗು ಹೆಪ್ಪುಗಟ್ಟಿದ ಕಡಲನ್ನು ಸೀಳಿ ಹೋಗುವಾಗ ಸೀರೆ ಹರಿದ ಹಾಗೆ ಸದ್ದು. ನಿಮ್ಮ ನೆನಪಾಯ್ತು." ಅದನ್ನು ಓದಿ ಒಳಗೆ ಮತ್ತೆ ಉರಿಯಿತು. ಹಿಮ ಅವಳಿಗೆ ಸಿಕ್ಕಿತ್ತು. ಅದರ ಹೋಲಿಕೆಯಾದರೂ ನನಗೆ ಉಳಿಯಬೇಕಿತ್ತು.

ಬಿಟ್ಟುಕೊಡಬಾರದೆಂದು ಬರೆದೆ: "ಹತ್ತಿ ಹರಿಯುವ ಸದ್ದು ಬೇರೆ, ರೇಷ್ಮೆಯದು ಬೇರೆ. ಯಾವುದು?"

ಉತ್ತರ ಎರಡು ದಿನದ ಮೇಲೆ ಬಂತು. "ನೀವೇ ಹೇಳಿ ಅಕ್ಕಾ, ಹೇಗಿರ್ತದೆ?"

ಬರೆಯಲು ಕೂತಾಗ ತಿಳಿಯಿತು, ಎರಡೂ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೀರೆ ನೇಯುವುದನ್ನು ಕೇಳುತ್ತ ಬೆಳೆದಿದ್ದೇನೆ. ಯಾರೂ ಸೀರೆ ಹರಿದದ್ದನ್ನು ನಾನು ಕೇಳಿಲ್ಲ. ಅಕ್ಕನಿಗೆ ಫೋನ್ ಮಾಡಿ ಆ ಸದ್ದು ಹೇಗಿರುತ್ತದೆಂದು ಕೇಳಿದೆ.

"ಹರದು ತೋರಿಸಂತೀಯೇನು?" ಅಕ್ಕ ಬೈದಳು. "ಹುಚ್ಚಿ ಅದೀ? ಅಲ್ಲಿ ಕುಂತು ಇಂಥಾವು ಕೇಳಾಕ ಫೋನ್ ಮಾಡ್ತಿ. ಬಂದು ಒಂದು ಮೊಳ ನೇಯಿ ಮೊದಲು."

ಅವಳು ಮಾತಾಡುವಾಗ ಹಿಂದೆ ಯಾರೋ ಮಗ್ಗ ಬಡಿಯುತ್ತಿದ್ದರು. ಯಾರೆಂದು ಕೇಳಿದೆ. ಹೊಸದಾಗಿ ಕಲಿಯಲು ಬರುವಾಕೆ, ನಾನು ಬಿಟ್ಟುಬಂದ ಜಾಗದಲ್ಲಿ ಕೂರುತ್ತಾಳೆ, ಕೈ ಭಾಳ ಚಲೋ ಐತಿ ಎಂದಳು ಅಕ್ಕ.